ಸ್ಪೀಕರ್ ಬಂದ್ ಆದ ಮೇಲೆ: ಹೊಲದಾಗ ಒಂದು ರಾತ್ರಿ, ಕರೆಂಟ್ ಬೇಡದ ಆಟಗಳು

ಕಳೆದ ಎಳ್ಳಮಾವಾಸ್ಯೆಗೆ ಕಮಲಾಪುರದ ಹತ್ತಿರ ಇರೋ ನಮ್ಮ ಹೊಲಕ್ಕೆ ಮನೆಯವರೆಲ್ಲ ಹೋಗಿದ್ವಿ. ಪ್ರತಿ ವರ್ಷ ಹೋಗ್ತೀವಿ. ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡು, ಸಂಜೆ ಐದರ ಹೊತ್ತಿಗೆ ಕಲಬುರಗಿಗೆ ವಾಪಸ್. ಈ ಸಲ ನನ್ನ ತಮ್ಮ ಹಟ ಹಿಡಿದ. "ಎಲ್ಲಾರೂ ಟೆಂಟ್ ಹಾಕ್ಕೊಂಡು ಕ್ಯಾಂಪಿಂಗ್ ಮಾಡ್ತಾರ. ನಮ್ಮ ಹೊಲದಾಗೇ ಒಂದು ರಾತ್ರಿ ಇದ್ರ ಏನಾಯ್ತು?" ಅಪ್ಪ ಮೊದಲು ಬೇಡ ಅಂದ್ರು, ಆಮೇಲೆ ಒಪ್ಪಿದ್ರು. ಮುತ್ಯಾ, ಆಯಿ, ಅಪ್ಪ, ಅವ್ವ, ಕಾಕಾ, ಕಾಕು, ಅತ್ತಿ, ನಾನು, ತಮ್ಮ, ಕಾಕಾನ ಇಬ್ಬರು ಸಣ್ಣ ಮಕ್ಕಳು, ಒಟ್ಟು ಹನ್ನೊಂದು ಜನ ಉಳಿದುಕೊಂಡ್ವಿ.

ಏಳು ಗಂಟೆಗೆಲ್ಲ ಗವ್ವನೆ ಕತ್ತಲಾಯ್ತು. ತಮ್ಮ ಬ್ಲೂಟೂತ್ ಸ್ಪೀಕರ್ ಹಚ್ಚಿದ. ಒಂದು ತಾಸು ಹಾಡು, ಕುಣಿತ ಎಲ್ಲ ಆಯ್ತು. ಎಂಟು ಕಾಲಿಗೆ ಸ್ಪೀಕರ್ ಬ್ಯಾಟರಿ ಮುಗೀತು. ಮೊಬೈಲ್‌ನಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡ್ತಿತ್ತು. ಮಕ್ಕಳು "ಬೋರ್ ಆಗ್ಲತದ" ಅನ್ನೋಕೆ ಶುರು ಮಾಡಿದ್ರು. ಆ ಸುಮ್ಮನಿದ್ದ ಹೊತ್ತಿನಲ್ಲೇ ನನ್ನ ಕಣ್ಣಿಗೆ ಬಿದ್ದಿದ್ದು: ಮುತ್ಯಾ ಬಂಡಿಯ ಆಚೆ ಕಡೆ, ನಮಗೆ ಬೆನ್ನು ಮಾಡಿ ಒಬ್ಬರೇ ಕೂತಿದ್ರು.

"ಮುತ್ಯಾ ಯಾಕ ಅಲ್ಲಿ ಕೂತಾರ?" ಅಂತ ಆಯಿಗೆ ಕೇಳ್ದೆ.

"ಅವರಿಗಿ ಕಿವಿ ಮಂದ ಆಗ್ಯಾವ. ಹಾಡ ಎಲ್ಲಿ ಕೇಳ್ತದ? ಗದ್ದಲ ಅಷ್ಟೇ ಕೇಳ್ತದ" ಅಂದ್ಳು ಆಯಿ.

ಮುತ್ಯಾಗೆ ಒಬ್ಬರೇ ಕೂಡೋದು ಇಷ್ಟ ಅಂತ ನಾವೆಲ್ಲ ಎರಡು ಮೂರು ವರ್ಷದಿಂದ ತಿಳ್ಕೊಂಡಿದ್ವಿ. ಹೊಲ ಅವರದು, ಹಬ್ಬ ಅವರು ಕಲಿಸಿದ್ದು, ಆದ್ರೆ ರಾತ್ರಿಯ ಮಜಾದಲ್ಲಿ ಅವರಿಗೇ ಜಾಗ ಇರಲಿಲ್ಲ. ಆ ಮೇಲೆ ಮಲಗೋ ತನಕ ಏನೇನು ಆಡಿದ್ವಿ, ಯಾವುದು ಯಾಕೆ ಚೆನ್ನಾಗಾಯ್ತು, ಅದರ ಹಿಂದಿರೋ ಸಣ್ಣಪುಟ್ಟ ಲೆಕ್ಕ ಏನು ಅನ್ನೋದನ್ನ ಇಲ್ಲಿ ಬರೀತಿದ್ದೀನಿ. ಮುಂದಿನ ರಜೆಗೆ ನೀವು ಮನೆಯವರ ಜೊತೆ ಸ್ವಂತ ಹೊಲಕ್ಕೋ, ಚಿಂಚೋಳಿ ಕಡೆ ಚಂದ್ರಂಪಳ್ಳಿಗೋ ಹೋಗೋದಾದ್ರೆ ಉಪಯೋಗಕ್ಕೆ ಬರಬಹುದು.

ಕ್ಯಾಂಪಿಂಗ್ ನಮಗೇನು ಹೊಸದಲ್ಲ

ಊರು ಬಿಟ್ಟು ಬಯಲಿನಲ್ಲಿ ರಾತ್ರಿ ಕಳೆಯೋದು ನಮ್ಮ ಭಾಗದವರಿಗೆ ಟೆಂಟ್ ಬರೋ ಮೊದಲೇ ಗೊತ್ತಿತ್ತು. ಜೋಳ ತೆನೆ ಬಿಟ್ಟಾಗ ಹೊಲ ಕಾಯೋದು, ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗಿ ಅಲ್ಲೇ ಬಿಡಾರ ಹೂಡೋದು, ರಾಶಿ ಕಾಲದಲ್ಲಿ ಕಣದಲ್ಲೇ ಮಲಗೋದು, ಇವೆಲ್ಲ ಇದ್ದವು. ಅದರಲ್ಲೂ ಕಣದ ರಾತ್ರಿ ದೊಡ್ಡದು. ಕಣದ ನಡುವೆ ಮೇಟಿ ಕಂಬ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಹರಡಿದ ತೆನೆಯ ಮೇಲೆ ಸುತ್ತು ಹೊಡೆಸೋದಕ್ಕೆ ಹಂತಿ ಅಂತಾರೆ. ರಾತ್ರಿ ಇಡೀ ಎತ್ತೂ ನಿಲ್ಲಬಾರದು, ಮನುಷ್ಯನೂ ನಿದ್ದೆ ಮಾಡಬಾರದು. ಅದಕ್ಕೇ ಹಂತಿ ಪದಗಳು ಹುಟ್ಟಿದವು. ಒಬ್ಬ ಹಾಡಿದರೆ ಉಳಿದವರು ದನಿಗೂಡಿಸ್ತಾರೆ. ಈಗ ರಾಶಿ ಮಷಿನ್ ಬಂದು ಒಂದೆರಡು ತಾಸಿನಲ್ಲಿ ಕೆಲಸ ಮುಗಿಸುತ್ತೆ. ಮೈ ನೋವು ತಪ್ಪಿತು, ಒಳ್ಳೇದೇ. ಜೊತೆಗೆ ಹಾಡೋ ಹೊತ್ತೂ ಹೋಯ್ತು.

ಅಂದ್ರೆ, ನಮ್ಮ ಹಿರಿಯರಿಗೆ ಕತ್ತಲಲ್ಲಿ ಹೊತ್ತು ಕಳೆಯೋ ವಿದ್ಯೆ ಗೊತ್ತು. ನಾವು ಕೇಳಿಲ್ಲ ಅಷ್ಟೇ.

ಮೊದಲು ಒಂದು ನಿಯಮ

ಆಟ ಆರಿಸೋವಾಗ ಸಾಮಾನ್ಯವಾಗಿ "ಯಾವುದು ಜಾಸ್ತಿ ಮಜಾ?" ಅಂತ ಕೇಳ್ತೀವಿ. ಆ ರಾತ್ರಿ ಕಲಿತಿದ್ದು ಬೇರೆ. "ಈ ಆಟ ಆಡಿದ್ರೆ ಯಾರು ಹೊರಗೆ ಉಳೀತಾರೆ?" ಅಂತ ಮೊದಲು ಕೇಳಬೇಕು. ಡಿಸೈನ್ ಮಾಡೋವಾಗ ಅತಿ ಕಠಿಣ ಕಂಡಿಷನ್ ಇಟ್ಕೊಂಡೇ ಲೆಕ್ಕ ಹಾಕಿ ಅಂತ ನಮಗೆ ಹೇಳಿಕೊಡ್ತಾರಲ್ಲ, ಹಾಗೇ. ಮುತ್ಯಾಗೆ ಕಿವಿ ಕೇಳಲ್ಲ. ಸಣ್ಣವಳಿಗೆ ಓದೋಕೆ ಬರಲ್ಲ. ಅತ್ತಿಗೆ ಮೊಣಕಾಲು ನೋವು, ಎದ್ದು ಓಡೋಕಾಗಲ್ಲ. ಅವ್ವ ಮತ್ತು ಕಾಕು ನಡುನಡುವೆ ಒಲೆ ನೋಡೋಕೆ ಏಳಬೇಕು. ಇವರೆಲ್ಲ ಆಡಬಹುದಾದ ಆಟ ಅಂದ್ರೆ ಕೂತಲ್ಲೇ ಆಡೋದು, ಎರಡು ನಿಮಿಷದಲ್ಲಿ ಕಲಿಯೋದು, ನಡುವೆ ಎದ್ದು ಹೋಗಿ ಬಂದ್ರೂ ಕೆಡದೇ ಇರೋದು. ಒಂದೇ ಆಟ ಎಲ್ಲರಿಗೂ ಹೊಂದಲ್ಲ. ಆದ್ರೆ ರಾತ್ರಿ ಮುಗಿಯೋದರೊಳಗೆ ಪ್ರತಿಯೊಬ್ಬರಿಗೂ ತಾನು ಚೆನ್ನಾಗಿ ಆಡಬಲ್ಲ ಒಂದು ಆಟ ಸಿಗಬೇಕು.

ಬೆಳಕು ಸರಿ ಮಾಡಿಕೊಳ್ಳಿ

ಮೊಬೈಲ್ ಟಾರ್ಚ್ ನೇರವಾಗಿ ಹಿಡಿದ್ರೆ ಎದುರಿಗಿದ್ದವರ ಕಣ್ಣು ಕುಕ್ಕುತ್ತೆ, ಪಕ್ಕದವರಿಗೆ ಏನೂ ಕಾಣಲ್ಲ. ಒಂದು ಲೀಟರಿನ ಪಾರದರ್ಶಕ ನೀರಿನ ಬಾಟಲಿಗೆ ನಾಲ್ಕೈದು ಹನಿ ಹಾಲು ಹಾಕಿ ಅಲುಗಾಡಿಸಿ. ಟಾರ್ಚ್ ಹಚ್ಚಿದ ಮೊಬೈಲನ್ನು ಎರಡು ಸಪಾಟ ಕಲ್ಲಿನ ನಡುವೆ ಮೇಲ್ಮುಖವಾಗಿ ಇಟ್ಟು, ಆ ಬೆಳಕಿನ ಮೇಲೆ ಬಾಟಲಿ ನಿಲ್ಲಿಸಿ. ಹಾಲಿನಲ್ಲಿರೋ ಕೊಬ್ಬಿನ ಸಣ್ಣ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸ್ತವೆ. ಇಡೀ ಬಾಟಲಿ ಕಂದೀಲಿನ ಹಾಗೆ ಮೆಲ್ಲಗೆ ಬೆಳಗುತ್ತೆ. ಹಾಲು ಜಾಸ್ತಿ ಆದ್ರೆ ಬೆಳಕು ಮೇಲಕ್ಕೆ ಹತ್ತೋದೇ ಇಲ್ಲ, ಬುಡದಲ್ಲೇ ಉಳಿಯುತ್ತೆ. ಹನಿ ಹನಿಯಾಗಿ ಹಾಕಿ ನೋಡಿ. ಮನೆಯಲ್ಲಿ ಹಳೇ ಕಂದೀಲು ಇದ್ದರೆ ಇನ್ನೂ ಒಳ್ಳೇದು, ಆದರೆ ಅದನ್ನ ಟೆಂಟ್ ಒಳಗೆ ಹಚ್ಚಬೇಡಿ.

ಚೌಕಾಬಾರಾ: ನಾಲ್ಕು ಹುಣಸಿಬೀಜದ ಲೆಕ್ಕ

ಮೊದಲು ಹಾಕಿದ್ದು ಚೌಕಾಬಾರಾ. ಒಂದೊಂದು ಊರಲ್ಲಿ ಇದಕ್ಕೆ ಒಂದೊಂದು ಹೆಸರು. ಐದು ಅಡ್ಡ, ಐದು ಉದ್ದ, ಒಟ್ಟು 25 ಮನೆ. ಪ್ರತಿ ಬದಿಯ ನಡುವಿನ ಮನೆಗೆ ಕಾಟು ಹಾಕಿ. ಅದು ಒಬ್ಬೊಬ್ಬ ಆಟಗಾರನ ಸ್ವಂತ ಮನೆ, ಅಲ್ಲಿದ್ದ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಹೊರಗಿನ ಸುತ್ತಿನಲ್ಲಿ 16 ಮನೆ, ಒಳ ಸುತ್ತಿನಲ್ಲಿ 8, ನಡುವೆ 1. ಒಬ್ಬರಿಗೆ ನಾಲ್ಕು ಕಾಯಿ. ಕಾಯಿ ಹೊರಸುತ್ತು ಒಂದು ದಿಕ್ಕಿಗೆ ಸುತ್ತಿ, ಒಳಸುತ್ತು ಎದುರು ದಿಕ್ಕಿಗೆ ಸುತ್ತಿ, ನಡುಮನೆ ಸೇರಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನೋದು ನಮ್ಮನೆ ನಿಯಮ.

ದಾಳಕ್ಕೆ ಕವಡಿ ಬೇಕು. ಇಲ್ಲದಿದ್ದರೆ ಹುಣಸಿಬೀಜ. ಎರಡು ಬೀಜ ತಗೊಂಡು ಕಲ್ಲಿನ ಮೇಲೆ ತಿಕ್ಕಿ ಸೀಳಿದ್ರೆ ನಾಲ್ಕು ಹೋಳು. ಒಂದು ಮುಖ ಬಿಳಿ, ಇನ್ನೊಂದು ಕಂದು. ನಾಲ್ಕನ್ನೂ ಒಟ್ಟಿಗೆ ಎಸೆದು ಎಷ್ಟು ಬಿಳಿ ಬಿತ್ತು ನೋಡಿ. ಒಂದು ಬಿಳಿಗೆ 1, ಎರಡಕ್ಕೆ 2, ಮೂರಕ್ಕೆ 3, ನಾಲ್ಕೂ ಬಿಳಿ ಆದ್ರೆ ಚೌಕಾ, ಅಂದ್ರೆ 4. ಒಂದೂ ಬಿಳಿ ಇಲ್ಲದಿದ್ದರೆ ಬಾರಾ, ಅದಕ್ಕೆ 8. ಚೌಕಾ, ಬಾರಾ ಬಿದ್ದವರಿಗೆ ಮತ್ತೊಂದು ಆಟ.

ಇಲ್ಲಿ ಒಂದು ಚಂದದ ಲೆಕ್ಕ ಇದೆ. ಲೂಡೋ ದಾಳದಲ್ಲಿ ಒಂದರಿಂದ ಆರರವರೆಗೆ ಎಲ್ಲಕ್ಕೂ ಸಮಾನ ಅವಕಾಶ. ಹುಣಸಿಬೀಜದಲ್ಲಿ ಹಾಗಲ್ಲ. ಎರಡೂ ಮುಖ ಸಮಾನವಾಗಿ ಬೀಳ್ತವೆ ಅಂತ ಇಟ್ಕೊಂಡ್ರೆ ಒಟ್ಟು 16 ರೀತಿ ಬೀಳಬಹುದು. ಅದರಲ್ಲಿ 2 ಬರೋದು 6 ಸಲ, 1 ಮತ್ತು 3 ಬರೋದು ತಲಾ 4 ಸಲ, 4 ಮತ್ತು 8 ಬರೋದು ತಲಾ ಒಂದೇ ಸಲ. ಅಂದ್ರೆ ನಿಮ್ಮ ಕಾಯಿಯಿಂದ ಎರಡು ಮನೆ ಹಿಂದೆ ಎದುರಾಳಿ ಕೂತಿದ್ದರೆ ನೀವು ದೊಡ್ಡ ಅಪಾಯದಲ್ಲಿದ್ದೀರಿ. ಐದು ಮನೆ ಹಿಂದೆ ಇದ್ದರೆ ಒಂದೇ ಎಸೆತದಲ್ಲಿ ಹೊಡೆಯೋಕೆ ಬರೋದೇ ಇಲ್ಲ. ಒಂದು ಎಸೆತಕ್ಕೆ ಸರಾಸರಿ 2.5 ಮನೆ.

ಆದ್ರೆ ಬೀಜ ನಿಜಕ್ಕೂ ಸಮಾನವಾಗಿ ಬೀಳಲ್ಲ. ಒಂದು ಮುಖ ಉಬ್ಬು, ಒಂದು ಸಪಾಟ. ತಮ್ಮ ಮರುದಿನ ಬೆಳಿಗ್ಗೆ ಕೂತು ನೂರು ಸಲ ಎಸೆದು ಬರೆದುಕೊಳ್ಳೋಕೆ ಹೋದ. ನೀವೂ ಮಾಡಿ ನೋಡಿ, ಪ್ರಾಬಬಿಲಿಟಿ ಯೂನಿಟ್ ಒಂದು ಸಂಜೆಗೇ ತಲೆಗೆ ಹತ್ತುತ್ತೆ. ಆಯಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲ. ಆದ್ರೂ ಅವಳು ತನ್ನ ಕಾಯಿಯನ್ನ ಯಾರ ಮುಂದೂ ಎರಡು ಮನೆ ದೂರದಲ್ಲಿ ಒಂದು ಸಲವೂ ಬಿಡಲಿಲ್ಲ!

ಹುಲಿ-ಕುರಿ: ಮುತ್ಯಾ ಎದ್ದು ಬಂದ ಆಟ

ಚೌಕಾಬಾರಾ ನಡೆದಾಗಲೂ ಮುತ್ಯಾ ದೂರದಿಂದಲೇ ನೋಡ್ತಿದ್ರು. ಕಾಕಾ ಒಲೆಯಿಂದ ಒಂದು ಇದ್ದಿಲು ತಂದು, ಖಾಲಿ ಗೊಬ್ಬರ ಚೀಲದ ಹಿಂಬದಿ ಹುಲಿ-ಕುರಿ ಆಟದ ಪಟ ಬರೆಯೋಕೆ ಶುರು ಮಾಡಿದ್ರು. ಗೆರೆ ತಪ್ಪಿತು. ಮುತ್ಯಾ ಎದ್ದು ಬಂದು ಕಾಕಾನ ಕೈಯಿಂದ ಇದ್ದಿಲು ಕಸಿದುಕೊಂಡು "ಹಾಂಗಲ್ಲೋ" ಅಂತ ತಾವೇ ಬರೆದ್ರು.

ಪಟ ಬರೆಯೋದು ಹೀಗೆ. ಮೇಲೆ ಒಂದು ತುದಿ. ಅಲ್ಲಿಂದ ಕೆಳಕ್ಕೆ ನಾಲ್ಕು ಗೆರೆ ಬೀಸಣಿಗೆಯ ಹಾಗೆ ಎಳೆದು, ಬುಡದಲ್ಲಿ ಒಂದು ಅಡ್ಡ ಗೆರೆಯಿಂದ ಸೇರಿಸಿ. ನಡುವೆ ಮೂರು ಅಡ್ಡ ಗೆರೆ ಎಳೀರಿ. ಈ ಮೂರೂ ಗೆರೆ ತ್ರಿಕೋನದ ಆಚೆ ಈಚೆ ಸ್ವಲ್ಪ ಹೊರಗೆ ಚಾಚಿರಬೇಕು. ಚಾಚಿದ ತುದಿಗಳನ್ನು ಎರಡೂ ಬದಿಯಲ್ಲಿ ಒಂದೊಂದು ನೇರ ಗೆರೆಯಿಂದ ಕೂಡಿಸಿ. ಈಗ ಗೆರೆ ಕೂಡೋ ಬಿಂದು ಎಣಿಸಿ: ತುದಿಯಲ್ಲಿ 1, ಮೂರು ಸಾಲಿನಲ್ಲಿ ಆರಾರು, ಬುಡದಲ್ಲಿ 4. ಒಟ್ಟು 23 ಬಂದರೆ ಪಟ ಸರಿ ಇದೆ.

ಹುಲಿ ಮೂರು, ಕುರಿ ಹದಿನೈದು. ನಾವು ಹುಲಿಗೆ ಬೆಣಚುಕಲ್ಲು, ಕುರಿಗೆ ತೊಗರಿಕಾಳು ಇಟ್ವಿ. ಮೊದಲಿಗೆ ಒಂದು ಹುಲಿ ತುದಿಯಲ್ಲಿ, ಎರಡು ಅದರ ಕೆಳಗಿನ ಸಾಲಿನ ನಡುವಿನ ಎರಡು ಬಿಂದುಗಳಲ್ಲಿ. ಕುರಿಯವರು ಒಂದೊಂದೇ ಕುರಿ ಇಡ್ತಾ ಹೋಗಬೇಕು, ಪ್ರತಿ ಕುರಿಗೆ ಹುಲಿಯವರು ಒಂದು ನಡೆ ನಡೀಬೇಕು. ಪಕ್ಕದಲ್ಲಿ ಕುರಿ ಇದ್ದು, ಅದರ ಆಚೆಯ ಬಿಂದು ಅದೇ ಗೆರೆಯಲ್ಲಿ ಖಾಲಿ ಇದ್ದರೆ ಹುಲಿ ಹಾರಿ ಕುರಿ ತಿನ್ನುತ್ತೆ. ಹದಿನೈದೂ ಇಟ್ಟ ಮೇಲೆ ಕುರಿಗಳೂ ಒಂದೊಂದು ಹೆಜ್ಜೆ ನಡೆಯಬಹುದು, ಆದ್ರೆ ಹಾರುವಂತಿಲ್ಲ. ಮೂರೂ ಹುಲಿ ಅಲುಗಾಡದ ಹಾಗೆ ಕಟ್ಟಿಹಾಕಿದ್ರೆ ಕುರಿಗೆ ಗೆಲುವು. ಐದಾರು ಕುರಿ ಕಳಕೊಂಡ್ರೆ ಕಟ್ಟಿಹಾಕೋದು ಬಹಳ ಕಷ್ಟ, ಅಲ್ಲಿಗೆ ಹುಲಿ ಗೆದ್ದಂತೆ.

ಈ ಆಟದಲ್ಲಿ ಅದೃಷ್ಟ ಅನ್ನೋದೇ ಇಲ್ಲ, ಮಾತೂ ಬೇಕಿಲ್ಲ. ಇಬ್ಬರಿಗೂ ಕಾಣೋದು ಅದೇ ಪಟ. ನಾನು ಹುಲಿ, ಮುತ್ಯಾ ಕುರಿ. ಮೊದಲ ಆಟ ಸೋತೆ. ಎರಡನೇದೂ ಸೋತೆ. ಮೂರನೇದಕ್ಕೆ ಗಮನ ಕೊಟ್ಟೆ. ಮುತ್ಯಾ ಒಂದು ಕುರಿಯನ್ನೂ ಒಂಟಿ ಇಡ್ತಿರಲಿಲ್ಲ. ಕುರಿಯ ಬೆನ್ನಿಗೆ ಇನ್ನೊಂದು ಕುರಿ, ಇಲ್ಲಾಂದ್ರೆ ಪಟದ ಅಂಚು. ಹಾರೋಕೆ ಆಚೆ ಖಾಲಿ ಬಿಂದು ಇಲ್ಲದಿದ್ರೆ ಹುಲಿ ಎಷ್ಟೇ ದೊಡ್ಡದಿದ್ರೂ ಏನೂ ಮಾಡೋಕಾಗಲ್ಲ. "ಇಂಜಿನಿಯರ್ ಸಾಹೇಬ್ರ ಹುಲಿ ಉಪವಾಸ ಸಾಯ್ಲತದ ನೋಡ್ರಿ" ಅಂತ ಮುತ್ಯಾ ನಕ್ಕಾಗ ಎಲ್ಲರೂ ಚೀಲದ ಸುತ್ತ ಸೇರಿದ್ರು. ಆಮೇಲೆ ಅಪ್ಪನೂ ಸೋತ್ರು, ಕಾಕಾನೂ ಸೋತ್ರು. ಮುತ್ಯಾ ಬಂಡಿಯ ಆಚೆಗೆ ವಾಪಸ್ ಹೋಗಲೇ ಇಲ್ಲ.

ನೆರಳಿನ ಆಟ: ಮಕ್ಕಳ ಪಾಳಿ

ಸಣ್ಣವರಿಗೆ ಹುಲಿ-ಕುರಿ ನೋಡಿ ನೋಡಿ ಸಾಕಾಯ್ತು. ಅವರಿಗೆ ಬಂಡಿಗೆ ಒಂದು ಬಿಳಿ ಚಾದರ ಕಟ್ಟಿ ನೆರಳಿನ ಆಟ ಹಚ್ಚಿದ್ವಿ. ಬೆಳಕು, ಕೈ ಚಾದರದ ಒಂದು ಕಡೆ. ನೋಡೋರು ಇನ್ನೊಂದು ಕಡೆ. ತೊಗಲುಗೊಂಬೆ ಆಟದಲ್ಲೂ ಹೀಗೇ. ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಘೋಷಣೆ ಆಯ್ತು. ಅವರ ಗೊಂಬೆಗಳ ತೊಗಲು ತೆಳುವಾಗಿ ಬೆಳಕು ಹಾಯೋ ಹಾಗಿರುತ್ತೆ, ಅದಕ್ಕೇ ಪರದೆ ಮೇಲೆ ಬಣ್ಣವೂ ಮೂಡುತ್ತೆ. ನಮ್ಮ ಕೈಯಿಂದ ಕಪ್ಪು ನೆರಳಷ್ಟೇ ಬರುತ್ತೆ, ಆದ್ರೆ ಮಕ್ಕಳಿಗೆ ಅದೇ ಸಾಕು.

ನೆರಳು ಸರಿಯಾಗಿ ಬೀಳೋಕೆ ಎರಡು ವಿಷಯ ನೆನಪಿಡಿ. ಮೊದಲನೇದು, ಬೆಳಕಿನ ಮೂಲ ಎಷ್ಟು ಸಣ್ಣದೋ ನೆರಳಿನ ಅಂಚು ಅಷ್ಟು ಚೂಪು. ಮೊಬೈಲ್ ಎಲ್‌ಇಡಿ ಸಣ್ಣ ಚುಕ್ಕಿ, ಹಾಗಾಗಿ ಬೆರಳು ಬೆರಳೂ ಕಾಣುತ್ತೆ. ಹಾಲಿನ ಬಾಟಲಿ ಇಲ್ಲಿ ಬೇಡ, ಎಲ್ಲ ಮಸುಕಾಗುತ್ತೆ. ಎರಡನೇದು ಅಳತೆ. ಬೆಳಕಿನಿಂದ ಚಾದರಕ್ಕಿರೋ ದೂರವನ್ನ ಬೆಳಕಿನಿಂದ ಕೈಗಿರೋ ದೂರದಿಂದ ಭಾಗಿಸಿ. ಎಷ್ಟು ಬರುತ್ತೋ ನೆರಳು ಅಷ್ಟು ಪಟ್ಟು ದೊಡ್ಡದು. ಚಾದರ ಎರಡು ಮೀಟರ್, ಕೈ ಒಂದು ಮೀಟರ್ ದೂರ ಇದ್ದರೆ ಎರಡು ಪಟ್ಟು. ಕೈಯನ್ನ ಅರ್ಧ ಮೀಟರಿಗೆ ತಂದ್ರೆ ನಾಲ್ಕು ಪಟ್ಟು. ಇದು ಗೊತ್ತಿದ್ರೆ ಒಂದೇ ಕೈಯಲ್ಲಿ ಇಲಿಯನ್ನ ನಿಧಾನವಾಗಿ ಆನೆ ಗಾತ್ರಕ್ಕೆ ಬೆಳೆಸಬಹುದು. ಅತ್ತಿ ಕೂತಲ್ಲೇ ಎರಡು ಕೈ ಸೇರಿಸಿ ಎತ್ತಿನ ತಲೆ ಮಾಡಿದ್ರು. ಸಣ್ಣವಳು ಒಂದು ನಾಯಿ ಮಾಡಿ ಅದಕ್ಕೆ ಹೆದರಿ ಓಡಿಸಿದಳು. ಮುತ್ಯಾ ಮಾತಿಲ್ಲದೆ ಎಲ್ಲ ನೋಡಿ ನಕ್ಕರು. ಕಿವಿ ಬೇಡದ ಆಟ ಇದೂ ಒಂದು.

ಮಾತಿನ ಆಟ: ಒಗಟು, ಒಡಪು, ವಾದ

ಕಿವಿ ಚೆನ್ನಾಗಿರೋರಿಗೆ ಮಾತಿನ ಆಟವೂ ಬೇಕಲ್ಲ. ಒಗಟಿನಲ್ಲಿ ಹಳೇದು ಕೇಳೋದಕ್ಕಿಂತ ಸುತ್ತ ಕಾಣೋದರ ಮೇಲೆ ಹೊಸದು ಕಟ್ಟಿ ಅಂತ ಮಕ್ಕಳಿಗೆ ಹೇಳಿ. ಬೀದರ್-ಕಲಬುರಗಿ ರೈಲು ಮಾರ್ಗ 2017ರಲ್ಲಿ ಉದ್ಘಾಟನೆ ಆಯ್ತು, ಮರಗುತ್ತಿ ಹತ್ತಿರ ಅದಕ್ಕೊಂದು ಸುರಂಗ ಇದೆ. ಅದನ್ನ ನೆನಸ್ಕೊಂಡು ಕಾಕಾನ ಮಗ ಕಟ್ಟಿದ್ದು: "ಗುಡ್ಡ ನುಂಗ್ತು, ಆಚಿಗಿ ಉಗುಳ್ತು, ಹೊಟ್ಟ್ಯಾಗ ಕೂತವರು ಚುರುಮುರಿ ತಿಂದ್ರು." ಉತ್ತರ ನೀವೇ ಹೇಳಿ.

ಒಡಪು ನಮ್ಮ ಭಾಗದ ಆಸ್ತಿ. ಮದುವೆ, ಸೀಮಂತದಲ್ಲಿ ಗಂಡನ ಹೆಸರು ಹೇಳು ಅಂತ ಕಾಡಿದಾಗ, ಹೆಸರನ್ನ ನೇರ ಹೇಳದೆ ಪ್ರಾಸ ಕಟ್ಟಿ ಅದರೊಳಗೆ ಸೇರಿಸಿ ಹೇಳೋದು. ಕ್ಯಾಂಪಿನಲ್ಲಿ ಇದನ್ನೇ ಆಟ ಮಾಡಿ: ಒಂದು ವಸ್ತು ಕೊಡಿ, ಅದು ಬರೋ ಹಾಗೆ ಯಾರದಾದರೂ ಹೆಸರು ಹೇಳಬೇಕು. ನಾವು ಆಯಿಗೆ ಕಮಲಾಪುರದ ಕೆಂಪು ಬಾಳೆ ಕೊಟ್ವಿ. ಅದಕ್ಕೆ ಜಿಐ ಟ್ಯಾಗ್ ಇರೋ ವಿಷಯ ಆಯಿಗೆ ಗೊತ್ತಿಲ್ಲ, ಆದ್ರೆ ಪ್ರಾಸ ಗೊತ್ತು. "ಕಮಲಾಪುರದ ಬಾಳಿಹಣ್ಣು ಮ್ಯಾಲ ಕೆಂಪ, ಗಿಡದ ಬುಡಕ ಕೂತ್ರ ಮೈಯೆಲ್ಲ ತಂಪ" ಅಂತ ಶುರು ಮಾಡಿ ಮುತ್ಯಾನ ಹೆಸರಿಗೆ ಬಂದು ನಿಂತಳು. ಕಾಕು ಅದನ್ನ ಮುತ್ಯಾನ ಕಿವಿಯ ಹತ್ತಿರ ಜೋರಾಗಿ ಮತ್ತೊಮ್ಮೆ ಹೇಳಿದ್ರು. ಮುತ್ಯಾ ಪಟಕದ ತುದಿ ಮುಖಕ್ಕೆ ಅಡ್ಡ ಹಿಡಿದರು!

ಇನ್ನೊಂದು, ಹರದೇಶಿ-ನಾಗೇಶಿ. ನಮ್ಮ ಕಡೆ ಗೀಗಿ ಪದದ ಎರಡು ಮೇಳ ಎದುರುಬದುರು ನಿಂತು, ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಅಂತ ರಾತ್ರಿಯೆಲ್ಲ ಸವಾಲು-ಜವಾಬು ಹಾಡ್ತಾರೆ. ಹಾಡೋಕೆ ಬರದಿದ್ದರೂ ಆ ಚೌಕಟ್ಟು ಬಳಸಬಹುದು. ಮನೆಯವರನ್ನ ಎರಡು ಪಾರ್ಟಿ ಮಾಡಿ, "ಹೊಲ ಮೇಲೋ, ಸಿಟಿ ಮೇಲೋ" ಅಂತ ಒಂದು ವಿಷಯ ಕೊಡಿ. ಒಂದು ಷರತ್ತು: ತಂದೆ-ಮಕ್ಕಳು ಬೇರೆ ಬೇರೆ ಪಾರ್ಟಿಯಲ್ಲಿರಬೇಕು, ತಮಗೆ ಇಷ್ಟ ಇಲ್ಲದ ಪಕ್ಷವನ್ನೇ ವಾದಿಸಬೇಕು. ಊರು ಬಿಟ್ಟು ಕಲಬುರಗಿ ಸೇರಿದ ಅಪ್ಪ ಹೊಲದ ಪರ ಮಾತಾಡಿದ್ದನ್ನ ನಾನು ಮೊದಲ ಸಲ ಕೇಳಿದೆ.

ಕನ್ನಡ ಅಂತ್ಯಾಕ್ಷರಿ ಆಡೋದಾದ್ರೆ ಮೊದಲೇ ಒಂದು ಒಪ್ಪಂದ ಮಾಡ್ಕೊಳ್ಳಿ. ನಮ್ಮ ಹಾಡುಗಳು ಬಹಳ ಸಲ ‘ಣ’, ‘ಳ’ ಮೇಲೆ ಮುಗೀತವೆ, ಆ ಅಕ್ಷರದಿಂದ ಶುರುವಾಗೋ ಹಾಡು ಸಿಗಲ್ಲ. ‘ಣ’ಕ್ಕೆ ‘ನ’, ‘ಳ’ಕ್ಕೆ ‘ಲ’ ಅಂತ ಇಟ್ಕೊಂಡ್ರೆ ಜಗಳ ಇಲ್ಲ.

ಕೊನೆಗೆ ಬೆಳಕು ಆರಿಸಿ, ಮೇಲೆ ನೋಡಿ

ಎಳ್ಳಮಾವಾಸ್ಯೆ ಹೆಸರೇ ಹೇಳುವಂತೆ ಅಮಾವಾಸ್ಯೆ. ಚಂದ್ರ ಇಲ್ಲ, ಡಿಸೆಂಬರ್-ಜನವರಿಯ ಆಕಾಶದಲ್ಲಿ ಮೋಡವೂ ಕಡಿಮೆ. ನಕ್ಷತ್ರ ನೋಡೋಕೆ ಇದಕ್ಕಿಂತ ಒಳ್ಳೆ ಹಬ್ಬ ಇಲ್ಲ. ಎಲ್ಲ ಬೆಳಕು ಆರಿಸಿ ಇಪ್ಪತ್ತು ನಿಮಿಷ ಸುಮ್ಮನೆ ಮಲಗಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಅಷ್ಟು ಹೊತ್ತು ಬೇಕು. ಯಾರಾದರೂ ನಡುವೆ ಮೊಬೈಲ್ ತೆಗೆದ್ರೆ ಮತ್ತೆ ಮೊದಲಿಂದ.

ನಾನು ಕಾಲೇಜಿನಲ್ಲಿ ಕಲಿತ ಜಂಬದಲ್ಲಿ ತಮ್ಮನಿಗೆ ಒರಾಯನ್ ತೋರಿಸ್ತಿದ್ದೆ. ಮುತ್ಯಾ ಕೈ ಎತ್ತಿ ಅದೇ ಜಾಗ ತೋರಿಸಿ "ಮಿರಗ" ಅಂದ್ರು. ನನಗೆ ಮಿರಗ ಅಂದ್ರೆ ಜೂನ್ ತಿಂಗಳ ಮಳೆ ಅಂತ ಮಾತ್ರ ಗೊತ್ತಿತ್ತು. ರೋಹಿಣಿ, ಮಿರಗ, ಆರಿದ್ರಾ ಅಂತ ಮಳೆಗಳ ಹೆಸರು ಕೇಳ್ತಾ ಬೆಳೆದಿದ್ದೆ, ಅವು ಆಕಾಶದಲ್ಲಿ ಎಲ್ಲಿವೆ ಅಂತ ಕೇಳಿರಲಿಲ್ಲ.

ವಿಷಯ ಹೀಗಿದೆ. ಸೂರ್ಯನ ದಾರಿಯನ್ನ 27 ನಕ್ಷತ್ರಗಳಾಗಿ ಭಾಗ ಮಾಡಿದ್ದಾರೆ. ವರ್ಷದ 365 ದಿನವನ್ನ 27ರಿಂದ ಭಾಗಿಸಿದ್ರೆ ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ. ಜೂನ್ 7-8ರ ಹೊತ್ತಿಗೆ ಸೂರ್ಯ ಮೃಗಶಿರಾ ಭಾಗಕ್ಕೆ ಬರ್ತಾನೆ, ಅದಕ್ಕೇ "ಮಿರಗ ಕೂಡ್ತು" ಅಂತಾರೆ. ಆದ್ರೆ ಸೂರ್ಯ ಅಲ್ಲೇ ಇರೋದರಿಂದ ಆಗ ಆ ನಕ್ಷತ್ರ ನಮಗೆ ಕಾಣಲ್ಲ, ಬಿಸಿಲಿನಲ್ಲಿ ಮುಳುಗಿರುತ್ತೆ. ಆರು ತಿಂಗಳು ಕಳೆದ್ರೆ ಸೂರ್ಯ ಎದುರು ಬದಿಗೆ ಹೋಗಿರ್ತಾನೆ. ಆಗ ಸೂರ್ಯ ಮುಳುಗೋ ಹೊತ್ತಿಗೆ ಮಿರಗ ಪೂರ್ವದಲ್ಲಿ ಏಳುತ್ತೆ. ಅಂದ್ರೆ ಮುಂಗಾರಿನ ಮಳೆ ನಕ್ಷತ್ರಗಳು ಎಳ್ಳಮಾವಾಸ್ಯೆ ರಾತ್ರಿಯಿಡೀ ನಮ್ಮ ತಲೆಯ ಮೇಲೆ ಇರ್ತವೆ.

ಗುರುತು ಹೀಗೆ: ರಾತ್ರಿ ಒಂಬತ್ತರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ. ನೇರ ಸಾಲಿನಲ್ಲಿ ಮೂರು ನಕ್ಷತ್ರ ಕಾಣ್ತವೆ, ಅದು ಒರಾಯನ್ ನಡುಪಟ್ಟಿ. ಅದರ ಎಡಕ್ಕೆ ಕೆಂಪಗೆ ಹೊಳೆಯೋದು ಆರಿದ್ರಾ. ಆರಿದ್ರಾದ ಸ್ವಲ್ಪ ಮೇಲೆ ಮಂಕಾದ ಮೂರು ಚುಕ್ಕಿಯ ಸಣ್ಣ ಗುಂಪು ಮಿರಗ. ಇನ್ನೂ ಮೇಲೆ ಕಿತ್ತಳೆ ಬಣ್ಣದ್ದು ರೋಹಿಣಿ. ಅದರಾಚೆ ನೆತ್ತಿಯ ಹತ್ತಿರ ಗೊಂಚಲಾಗಿರೋದು ಕೃತ್ತಿಕಾ. ಅದರಲ್ಲಿ ಎಷ್ಟು ಚುಕ್ಕಿ ಕಾಣ್ತವೆ ಅಂತ ಎಣಿಸೋದೇ ಒಂದು ಪಂದ್ಯ.

ಕೈಯನ್ನೇ ಅಳತೆಗೋಲು ಮಾಡ್ಕೊಳ್ಳಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದ್ರೆ ಅದರ ಅಗಲ ಸುಮಾರು 10 ಡಿಗ್ರಿ. ನಕ್ಷತ್ರಗಳು ಒಂದು ತಾಸಿಗೆ 15 ಡಿಗ್ರಿ, ಅಂದ್ರೆ ಒಂದೂವರೆ ಮುಷ್ಟಿ ಸರೀತವೆ. ಕಲಬುರಗಿ ಇರೋದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಎರಡು ಮುಷ್ಟಿಗಿಂತ ಸ್ವಲ್ಪ ಕೆಳಗೇ ಸಿಗುತ್ತೆ. ನಡುರಾತ್ರಿ ಎಚ್ಚರ ಆದ್ರೆ ದಕ್ಷಿಣಕ್ಕೆ ನೋಡಿ, ಎರಡು ಮುಷ್ಟಿ ಎತ್ತರದಲ್ಲಿ ಪ್ರಕಾಶಮಾನವಾಗಿ ಅಗಸ್ತ್ಯ ಇರುತ್ತೆ. "ಮಿರಗ ನೆತ್ತಿಗೆ ಬಂದಾಗ ಎಬ್ಬಿಸು" ಅಂತ ತಮ್ಮ ಮುತ್ಯಾಗೆ ಸನ್ನೆ ಮಾಡಿ ಮಲಗಿದ. ಅವರು ನಿಜವಾಗಿಯೂ ಎಬ್ಬಿಸಿದ್ರು, ಗಡಿಯಾರ ನೋಡದೆ.

ಹೋಗೋ ಮುನ್ನ

ಜೊತೆಗೆ ಬೇಕಾದ ಸಾಮಾನು ಒಂದು ಕೈಚೀಲಕ್ಕೆ ಸಾಕು: ಖಾಲಿ ಗೊಬ್ಬರ ಚೀಲ, ಒಂದು ತುಂಡು ಇದ್ದಿಲು ಅಥವಾ ಸೀಮೆಸುಣ್ಣ, ನಾಲ್ಕೈದು ಹುಣಸಿಬೀಜ, ಒಂದು ಹಿಡಿ ತೊಗರಿ ಇಲ್ಲಾ ಕಡಲಿಕಾಳು, ಬಿಳಿ ಚಾದರ, ಹಗ್ಗ, ಪಾರದರ್ಶಕ ಬಾಟಲಿ. ಆಟದ ಕ್ರಮವೂ ಮುಖ್ಯ. ಊಟಕ್ಕೆ ಮೊದಲು ಕೂತು ಆಡೋ ಪಟದ ಆಟ, ಊಟ ಆದ ಮೇಲೆ ಮಕ್ಕಳಿಗೆ ನಿದ್ದೆ ಬರೋದರೊಳಗೆ ನೆರಳು, ಆಮೇಲೆ ಮಾತು, ಕೊನೆಗೆ ನಕ್ಷತ್ರ. ಗದ್ದಲದಿಂದ ಮೌನದ ಕಡೆಗೆ ಹೋದ್ರೆ ಮಕ್ಕಳನ್ನ ಮಲಗಿಸೋಕೆ ಬೈಯೋದು ಬೇಕಾಗಲ್ಲ.

ಎಚ್ಚರಿಕೆ ಮಾತು. ಆ ಕಾಲಕ್ಕೆ ಹೊಲ ಒಣಗಿರುತ್ತೆ. ಬಣವಿ, ಕಣಕಿ ಹತ್ತಿರ ಬೆಂಕಿ ಹಚ್ಚಬೇಡಿ, ಸುತ್ತ ಹುಲ್ಲು ಕೆತ್ತಿ ನೆಲ ಮಾಡಿ, ಪಕ್ಕದಲ್ಲಿ ಒಂದು ಕೊಡ ನೀರು ಇಡಿ, ಮಲಗೋ ಮೊದಲು ಪೂರ್ತಿ ಆರಿಸಿ. ಅರಣ್ಯ ಪ್ರದೇಶಕ್ಕೆ ಹೋದ್ರೆ ಅಲ್ಲಿನ ಅನುಮತಿ ತಗೊಳ್ಳಿ, ಅವರು ಹೇಳಿದ ಹಾಗೆ ಕೇಳಿ, ಅಲ್ಲಿ ಸ್ಪೀಕರೂ ಬೇಡ. ಕತ್ತಲಲ್ಲಿ ಬರಿಗಾಲಲ್ಲಿ ಓಡಾಡಬೇಡಿ, ನಡೆಯೋವಾಗ ಟಾರ್ಚ್ ನೆಲಕ್ಕೆ ಹಿಡಿರಿ, ಬೆಳಿಗ್ಗೆ ಚಪ್ಪಲಿ, ಬೂಟು ಝಾಡಿಸಿ ಹಾಕ್ಕೊಳ್ಳಿ. ನೆಲದ ಮೇಲೆ ಮಲಗೋ ಬದಲು ಟೆಂಟ್ ಅಥವಾ ಬಂಡಿ ಒಳ್ಳೇದು. ಚಳಿಗೆ ವಯಸ್ಸಾದವರಿಗೆ ಒಂದು ಕಂಬಳಿ ಹೆಚ್ಚೇ ಇರಲಿ.

ಆ ಗೊಬ್ಬರ ಚೀಲ ಈಗ ಊರಲ್ಲಿ ಮುತ್ಯಾನ ಮನೆಯ ಮೊಳೆಗೆ ನೇತಾಡ್ತಿದೆ. ಕಾಲೇಜಿನಿಂದ ರಜೆಗೆ ಹೋದಾಗ ಮೊದಲೆಲ್ಲ ನಮಸ್ಕಾರ ಮಾಡಿ, ಊಟ ಆಯ್ತಾ ಅಂತ ಜೋರಾಗಿ ಕೂಗಿ ಕೇಳಿ, ಅಷ್ಟಕ್ಕೇ ನಮ್ಮ ಮಾತು ಮುಗೀತಿತ್ತು. ಈಗ ನಾನು ಒಳಗೆ ಕಾಲಿಟ್ರೆ ಅವರು ಚೀಲದ ಕಡೆ ಕೈ ತೋರಿಸ್ತಾರೆ. ಇದುವರೆಗೆ ಹದಿನಾಲ್ಕು ಆಟ ಆಗಿದೆ, ನಾನು ಗೆದ್ದಿದ್ದು ಎರಡು.

ನಿಮ್ಮ ಊರಲ್ಲಿ ರಾತ್ರಿ ಆಡೋ ಬೇರೆ ಆಟ ಇದ್ದರೆ, ಮನೆಯ ಹಿರಿಯರನ್ನ ಕೇಳಿ, ಪಟದ ಚಿತ್ರ ಸಮೇತ ನಮ್ಮ ಕನ್ನಡ ಸಂಘಕ್ಕೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.